ಅಪ್‌ಡೇಟ್: ಸ್ವಿಸ್ ಚಾಕುವಿನ ಕತ್ತರಿ ಕೊನೆಗೂ ತೆರೆಯಿತು

ಮಲ್ಪೆಯಲ್ಲಿ ಗಾಳ ಹಾಕಿ ಬಂದ ಮೇಲೆ ನನ್ನ ಸ್ವಿಸ್ ಚಾಕುವಿನ (ಅಲಗು, ಕತ್ತರಿ ಎಲ್ಲ ಒಳಗೆ ಮಡಚಿಡುವ ಜೇಬುಚಾಕು) ಕತ್ತರಿ ಬಿಗಿಯಾಗಿದೆ, ಏನು ಮಾಡಲಿ ಎಂದು ನಿಮ್ಮನ್ನೆಲ್ಲ ಕೇಳಿದ್ದೆ ಅಲ್ವಾ? ಸರಿಹೋಯಿತು ಮಾರಾಯ್ರೆ!

ನೀವು ಹೇಳಿದಂತೆ ಸೋಪು ಹಾಕಿದ ಬಿಸಿನೀರಿನೊಳಗೇ ಹತ್ತಿಪ್ಪತ್ತು ಸಲ ತೆರೆದು ಮಡಚಿದೆ. ಹಳೇ ಟೂತ್‌ಬ್ರಷ್‌ನಿಂದ ಸಂದಿ ಉಜ್ಜಿದರೆ ಮರಳು, ಜೊತೆಗೆ ಮೀನಿನ ಎರಡು ಹುರುಪೆ!

ತಪ್ಪು ನನ್ನದೇ. ಮೊದಲು ಸುಮ್ನೆ ತೆಂಗಿನೆಣ್ಣೆ ಬಿಟ್ಟಿದ್ದೆ. ಅದು ಮರಳಿನ ಜೊತೆ ಸೇರಿ ಅಂಟಾಗಿತ್ತು. ಈಗ ಚೆನ್ನಾಗಿ ಒಣಗಿಸಿ, ಕೀಲಿಗೆ ಅಮ್ಮನ ಹೊಲಿಗೆ ಮಿಷನ್ ಎಣ್ಣೆ ಒಂದೇ ಹನಿ ಹಾಕಿದೆ. ಅದು ತಿನ್ನುವ ಎಣ್ಣೆಯಲ್ಲ, ಹಾಗಾಗಿ ಹಣ್ಣು ಕೊಯ್ಯುವ ಮುಂಚೆ ಅಲಗು ತೊಳೆಯುತ್ತೇನೆ, ಹೆದರಬೇಡಿ.

ಸ್ಟೇನ್‌ಲೆಸ್ ಅಂದರೆ ತುಕ್ಕೇ ಹಿಡಿಯುವುದಿಲ್ಲ ಅಂದುಕೊಂಡಿದ್ದೆ. ಉಪ್ಪುನೀರು ಅದನ್ನೂ ಬಿಡುವುದಿಲ್ಲ. ಕತ್ತರಿಯ ಸ್ಪ್ರಿಂಗ್ ಬುಡದಲ್ಲಿ ಕಂದು ಚುಕ್ಕೆಯೊಂದು ಉಳಿದಿದೆ, ಇರಲಿ. ಮುಂದಿನ ಭಾನುವಾರ ಮತ್ತೆ ಮಲ್ಪೆಗೇ.