ನಿಧಾನ ಮಾಡಿದರೆ ಕಾರು ಆಫ್ ಆಗುತ್ತಿದೆ, ಏನು ನೋಡಬೇಕು?

ಪ್ರಶ್ನೆ (ಹಾಸನದಿಂದ):
ಅಣ್ಣಾ, ನಮ್ಮದು 2011ರ ಸಣ್ಣ ಪೆಟ್ರೋಲ್ ಕಾರು. 92 ಸಾವಿರ ಕಿ.ಮೀ. ಓಡಿದೆ. ಒಂದು ತಿಂಗಳಿಂದ ಹಂಪ್ ಬಂತು, ಸಿಗ್ನಲ್ ಬಂತು ಅಂತ ನಿಧಾನ ಮಾಡಿದರೆ ಸಾಕು, ಎಂಜಿನ್ ಆಫ್. ಚಾವಿ ತಿರುಗಿಸಿದರೆ ತಕ್ಷಣ ಸ್ಟಾರ್ಟ್ ಆಗುತ್ತದೆ. ಎಸಿ ಹಾಕಿದ್ದರೆ ಇನ್ನೂ ಜಾಸ್ತಿ. 80ರಲ್ಲಿ ಹೋಗುವಾಗ ಏನೂ ತೊಂದರೆ ಇಲ್ಲ. ಒಂದು ಗ್ಯಾರೇಜಿನಲ್ಲಿ ಫ್ಯುಯೆಲ್ ಪಂಪ್ ಬದಲಿಸಿದರು, 4,800 ರೂಪಾಯಿ ಆಯಿತು. ಆದರೂ ಹಾಗೇ ಇದೆ. ಮುಂದಿನ ವಾರ ಅಮ್ಮನನ್ನು ಕರೆದುಕೊಂಡು ಶಿರಾಡಿ ಘಾಟ್ ಇಳಿದು ಧರ್ಮಸ್ಥಳಕ್ಕೆ ಹೋಗಬೇಕು. ಭಯ ಆಗುತ್ತಿದೆ.

ಉತ್ತರ (ಮೆಕ್ಯಾನಿಕ್):
ಪಂಪ್ ಸೋತಿದ್ದರೆ ಏರು ಹತ್ತುವಾಗ, ಓವರ್‌ಟೇಕ್ ಮಾಡುವಾಗ ಗಾಡಿ ಎಳೆಯುತ್ತಿರಲಿಲ್ಲ. ಪೆಟ್ರೋಲ್ ಜಾಸ್ತಿ ಬೇಕಾಗುವುದು ಆವಾಗ. ನಿಮ್ಮದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಮಾತ್ರ ನಿಲ್ಲುತ್ತಿದೆ. ಹಾಗಾಗಿ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ತಾನಾಗಿ ನಿಧಾನಕ್ಕೆ ತಿರುಗುವುದು, ಆ ಕಡೆ ನೋಡಬೇಕು.

ಗೇರಿನಲ್ಲಿ ಇರುವಷ್ಟು ಹೊತ್ತು ಚಕ್ರವೇ ಎಂಜಿನ್ ತಿರುಗಿಸುತ್ತಿರುತ್ತದೆ. ಕ್ಲಚ್ ಒತ್ತಿದ ಕೂಡಲೇ ಆ ಆಸರೆ ತಪ್ಪುತ್ತದೆ. ಆಗ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ತಟ್ಟೆ ಮುಚ್ಚಿರುತ್ತದೆ, ಪಕ್ಕದ ಸಣ್ಣ ದಾರಿಯಲ್ಲಿ ಐಡಲ್ ವಾಲ್ವ್ ಬಿಟ್ಟಷ್ಟೇ ಗಾಳಿ. ಅಲ್ಲಿ ಕಾರ್ಬನ್ ಕಟ್ಟಿದ್ದರೆ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) 800ರ ಹತ್ತಿರ ನಿಲ್ಲದೆ 500, 400 ಅಂತ ಜಾರಿ ಆಫ್ ಆಗುತ್ತದೆ. ಎಸಿ ಕಂಪ್ರೆಸರ್ ಭಾರ ಬಿದ್ದರಂತೂ ಕೇಳಲೇಬೇಡಿ.

ಆದರೆ ಬ್ರೇಕ್ ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರ್ ಕೆಟ್ಟಿದ್ದರೂ ಹೀಗೇ ಆಗಬಹುದು. ಅದು ಎಂಜಿನ್ನಿನ ವ್ಯಾಕ್ಯೂಮ್ (ಗಾಳಿ ಎಳೆಯುವ ಸೆಳೆತ) ಮೇಲೆ ನಡೆಯುತ್ತದೆ. ಒಳಗಿನ ರಬ್ಬರ್ ಹರಿದಿದ್ದರೆ ಬ್ರೇಕ್ ಒತ್ತಿದಾಗಲೆಲ್ಲ ಲೆಕ್ಕ ಇಲ್ಲದ ಗಾಳಿ ಎಂಜಿನ್ನಿಗೆ ನುಗ್ಗುತ್ತದೆ. ತೊಂದರೆ ಎರಡರಲ್ಲಿ ಯಾವುದರದ್ದು ಅಂತ ತಿಳಿಯಲು ಇಷ್ಟು ಮಾಡಿ. ನಿಂತಲ್ಲೇ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಬಿಸಿ ಇರುವಾಗ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪೆಡಲ್ ಹತ್ತಿರ ಸುಯ್ ಅಂತ ಸದ್ದು ಬರುತ್ತದಾ, ಆರ್‌ಪಿಎಂ ಬೀಳುತ್ತದಾ ನೋಡಿ. ಆಮೇಲೆ ಖಾಲಿ ಮೈದಾನದಲ್ಲಿ 30ರಲ್ಲಿ ಹೋಗಿ, ಬ್ರೇಕ್ ಮುಟ್ಟದೆ ಬರೀ ಕ್ಲಚ್ ಒತ್ತಿ. ಏನಾಯಿತು ತಿಳಿಸಿ. ಅಲ್ಲಿಯವರೆಗೆ ಯಾವ ಸಾಮಾನೂ ಕೊಳ್ಳಬೇಡಿ.

ಕೇಳಿದವರು:
ಎರಡೂ ಮಾಡಿದೆ ಅಣ್ಣಾ. ನಿಂತಲ್ಲಿ ಬ್ರೇಕ್ ಎಷ್ಟು ಒತ್ತಿದರೂ ವ್ಯತ್ಯಾಸ ಇಲ್ಲ, ಸದ್ದೂ ಇಲ್ಲ. ಬರೀ ಕ್ಲಚ್ ಒತ್ತಿದಾಗ ಐದು ಸಲದಲ್ಲಿ ಮೂರು ಸಲ ಆಫ್ ಆಯಿತು.

ಉತ್ತರ:
ಹಾಗಾದರೆ ಬೂಸ್ಟರ್ ಬಿಟ್ಟುಬಿಡಿ. ಏರ್ ಫಿಲ್ಟರ್ ಕಡೆಯಿಂದ ಬರುವ ದಪ್ಪ ಪೈಪ್ ತೆಗೆದು ಥ್ರಾಟಲ್ ಒಳಗೆ ಟಾರ್ಚ್ ಬಿಡಿ. ತಟ್ಟೆಯ ಅಂಚಿನ ಸುತ್ತ ಸೌದೆ ಒಲೆ ಮೇಲಿಟ್ಟ ಪಾತ್ರೆಯ ತಳದ ಹಾಗೆ ಕಪ್ಪಗೆ ಕಾಣುತ್ತದೆ. ಎಂಜಿನ್ ತಣ್ಣಗಾದ ಮೇಲೆ ಥ್ರಾಟಲ್ ಕ್ಲೀನರ್ ಅನ್ನು ಬಟ್ಟೆಗೆ ಹೊಡೆದು ಒರೆಸಿ, ಮೂಲೆಗೆ ಹಳೇ ಟೂತ್‌ಬ್ರಶ್ ಸಾಕು. ನಿಮ್ಮದು ಕೇಬಲ್ ಥ್ರಾಟಲ್ ಆಗಿದ್ದರೆ ಕೈಯಲ್ಲಿ ತೆರೆಯಬಹುದು. ಮೋಟಾರ್ ಇರುವ ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಬೆರಳಲ್ಲಿ ತಳ್ಳಬೇಡಿ, ಒಳಗಿನ ಗೇರ್ ಹಾಳಾಗುತ್ತದೆ.

ಇನ್ನೊಬ್ಬ ಸದಸ್ಯೆ:
ಸರ್, ನನ್ನ ಹಳೇ ಸ್ಕೂಟರ್ ಕೂಡ ಹೀಗೇ. ಆಕ್ಸಿಲರೇಟರ್ ಬಿಟ್ಟರೆ ಆಫ್.

ಉತ್ತರ:
2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬರುವ ಮೊದಲಿನ ಗಾಡಿಯಾದರೆ ಪೆಟ್ರೋಲ್, ಗಾಳಿ ಬೆರೆಸುವ ಕಾರ್ಬ್ಯುರೇಟರ್ ಇರುವ ಸಾಧ್ಯತೆಯೇ ಜಾಸ್ತಿ ಮೇಡಂ. ಅದರೊಳಗೆ ಐಡ್ಲಿಂಗಿಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಸ್ಲೋ ಜೆಟ್ ಕಟ್ಟಿರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ಇದು ಮಾಮೂಲು. ಬಿಚ್ಚಿ ತೊಳೆಸಿ, ಜೆಟ್‌ಗೆ ಏರ್ ಹೊಡೆಸಿ. ಅದು ಬಿಟ್ಟು ಐಡ್ಲಿಂಗ್ ಸ್ಕ್ರೂ ಒಂದೇ ಏರಿಸಿಕೊಡುತ್ತೇನೆ ಅಂದರೆ ಒಪ್ಪಬೇಡಿ.

ಕೇಳಿದವರು:
ಅಣ್ಣಾ, ಕೇಬಲ್ ಥ್ರಾಟಲ್ಲೇ. ಬಟ್ಟೆ ಪೂರ್ತಿ ಕಪ್ಪಾಯಿತು. ಈಗ ಎಸಿ ಇಲ್ಲದಿದ್ದರೆ ಆಫ್ ಆಗುವುದಿಲ್ಲ. ಎಸಿ ಹಾಕಿದರೆ ಇನ್ನೂ ನಡುಗುತ್ತದೆ, ಒಂದೆರಡು ಸಲ ನಿಂತೂ ಹೋಯಿತು.

ಉತ್ತರ:
ತಟ್ಟೆ ಒರೆಸಿದ್ದೀರಿ, ಪಕ್ಕದ ದಾರಿ ಹಾಗೇ ಇದೆ. ಥ್ರಾಟಲ್ ಬಾಡಿಗೆ ಸ್ಕ್ರೂ ಹಾಕಿ ಕೂರಿಸಿದ, ವೈರ್ ಕನೆಕ್ಟರ್ ಇರುವ ಐಡಲ್ ವಾಲ್ವ್ ಇರುತ್ತದೆ. ಬ್ಯಾಟರಿಯ ಮೈನಸ್ ತೆಗೆದು ಅದನ್ನು ಬಿಚ್ಚಿಸಿ. ಅದರ ಮೊನೆ, ಅದು ಕೂರುವ ತೂತು, ಎರಡೂ ಶುಚಿ ಆಗಬೇಕು. ಮೊನೆಯನ್ನು ಎಳೆಯುವುದು, ತಿರುಗಿಸುವುದು ಬೇಡ. ವಾಲ್ವಿನ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ) ಗಟ್ಟಿಯಾಗಿದ್ದರೆ ಹೊಸದು ಹಾಕಿ, ಇಲ್ಲದಿದ್ದರೆ ಅಲ್ಲಿಂದಲೇ ಗಾಳಿ ಎಳೆದು ಆರ್‌ಪಿಎಂ ಮೇಲೇ ನಿಂತುಬಿಡುತ್ತದೆ.

ಇದು ಸರಿಯಾಗುವವರೆಗೆ ಘಾಟ್ ಬೇಡ, ಅಮ್ಮನ ಜೊತೆಗಂತೂ ಬೇಡವೇ ಬೇಡ. ದಾರಿಯಲ್ಲಿ ಎಲ್ಲಾದರೂ ಎಂಜಿನ್ ನಿಂತರೆ ಬೂಸ್ಟರಿನಲ್ಲಿ ಉಳಿದಿರುವ ವ್ಯಾಕ್ಯೂಮ್ ಒಂದೆರಡು ಬ್ರೇಕಿಗೆ ಮಾತ್ರ. ಆಮೇಲೆ ಪೆಡಲ್ ಕಲ್ಲಾಗುತ್ತದೆ, ಪವರ್ ಸ್ಟೀರಿಂಗ್ ಇದ್ದರೆ ಅದೂ ಭಾರ. ಪೆಡಲ್ ಪದೇ ಪದೇ ತುಳಿಯದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಗಾಡಿ ನಿಲ್ಲುವ ಮೊದಲು ಚಾವಿ ಹೊರಗೆ ಎಳೆಯಲೇಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ.

ಕೇಳಿದವರು:
ವಾಲ್ವ್ ಬಿಚ್ಚಿಸಿದೆ ಅಣ್ಣಾ. ಮೊನೆ ಕಾಣದಷ್ಟು ಮಸಿ ಕೂತಿತ್ತು. ಹೊಸ ಓ-ರಿಂಗ್ ಹಾಕಿಸಿದೆ. ಮೊದಲ ಹತ್ತು ನಿಮಿಷ ಐಡ್ಲಿಂಗ್ ಏರಿಳಿಯಿತು, ಆಮೇಲೆ ಸರಿಯಾಯಿತು. ನಾಲ್ಕು ದಿನದಿಂದ ಎಸಿ ಹಾಕಿಕೊಂಡೇ ಓಡಿಸುತ್ತಿದ್ದೇನೆ, ಪೇಟೆಯ ಎಲ್ಲ ಹಂಪ್ ದಾಟಿದೆ, ಒಂದು ಸಲವೂ ನಿಂತಿಲ್ಲ. ಘಾಟ್ ಇಳಿಯಬಹುದಾ?

ಉತ್ತರ:
ಇಳಿಯಿರಿ. ನ್ಯೂಟ್ರಲ್ ಮಾತ್ರ ಮಾಡಬೇಡಿ, ತಿರುವಿಗೆ ಎರಡನೇ ಗೇರಿನಲ್ಲೇ ಬನ್ನಿ. ಹೊರಡುವ ಮುಂಚೆ ಏರ್ ಫಿಲ್ಟರ್ ಒಮ್ಮೆ ನೋಡಿ.