ಸ್ಟೇರಿಂಗಿನ ‘ಕೈಭಾರ’ ಅನ್ನಬಹುದಾ? ತಿರುಚುಬಲವೋ, ತಿರುಗುಬಲವೋ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಐಟಿಐ ಹುಡುಗರಿಗಾಗಿ ಸ್ಟೇರಿಂಗ್ ಪಾಠವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾರು ತಿರುಗಿಸಲು ಕೈ ಎಷ್ಟು ಬಲ ಹಾಕಬೇಕು ಅನ್ನೋ ಲೆಕ್ಕ, ಇಂಗ್ಲಿಷಿನ ‘ಸ್ಟೇರಿಂಗ್ ಎಫರ್ಟ್’. ಲೆಕ್ಕ ಬರುತ್ತದೆ, ಪದ ಬರುತ್ತಿಲ್ಲ.

ಹಳೇ ನೋಟ್ಸಿನಲ್ಲಿ ‘ಚಾಲನಾ ಪ್ರಯತ್ನ’ ಎಂದಿತ್ತು. ಅದನ್ನು ಓದಿದ ಒಬ್ಬ ಹುಡುಗ ಡ್ರೈವಿಂಗ್ ಕಲಿಯೋದು ಅಂದುಕೊಂಡ! ‘ಚುಕ್ಕಾಣಿ’ ದೋಣಿಗೂ ಸರ್ಕಾರಕ್ಕೂ ಸರಿ, ಕಾರಿಗೆ ಯಾರೂ ಅನ್ನಲ್ಲ.

ಪಿ.ಬಿ. ರಸ್ತೆಯ ಒಂದು ಗ್ಯಾರೇಜಿಗೆ ಹೋದೆ. ಪವರ್ ಸ್ಟೇರಿಂಗ್ ಇಲ್ಲದ ಹಳೇ ಸಣ್ಣ ಕಾರು ನಿಂತಿತ್ತು. ಮೆಕ್ಯಾನಿಕ್ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಸ್ಟೇರಿಂಗಿನ ಅಂಚಿಗೆ ಸಿಕ್ಕಿಸಿ ಎಳೆದರು. ಮುಳ್ಳು ಏಳು ಕಿಲೋ ಹತ್ತಿರ ಬಂದ ಮೇಲೆ ಚಕ್ರ ಮಿಸುಕಿತು. “ನಿಂತಲ್ಲೇ ತಿರುವಿದ್ರೆ ಕೈಗೆ ಭಾರ ಬರ್ತೈತ್ರಿ ಸರ್. ಗಾಡಿ ಒಂಚೂರು ಉಳ್ಳಿದ್ರೆ ಹಗುರಾಗ್ತೈತಿ. ಹವಾ ಕಮ್ಮಿ ಇದ್ರಂತೂ ಮುಗೀತು.” ‘ಟೈಟ್’ ಅನ್ನೋದು ಅವರ ಬಾಯಲ್ಲಿ ಬೇರೆ. ಏನೋ ಹಿಡಿದುಕೊಂಡಿದೆ, ರಿಪೇರಿ ಬೇಕು ಅಂತ. ಕೈಗೆ ಬರೋ ಭಾರವಾದರೆ, ಚೆನ್ನಾಗಿರೋ ಗಾಡಿಯಲ್ಲೂ ಇರುತ್ತದೆ. ‘ಕೈಭಾರ’ ಹೊಳೆದದ್ದು ಅಲ್ಲೇ.

ಇನ್ನೊಂದು ಪದ ಟಾರ್ಕಿನದು, ಅಂದರೆ ಒಂದು ಅಕ್ಷದ ಸುತ್ತ ಬಲ ಎಷ್ಟು ತಿರುಗಿಸುತ್ತದೆ ಅನ್ನೋ ಅಳತೆಯದು. ಇಲ್ಲಿ ಆ ಅಕ್ಷ ಕಿಂಗ್‌ಪಿನ್, ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ಹೊರಳೋದು ಈ ಕೀಲಿನ ಸುತ್ತ. ಅದರ ಗೆರೆ ನೆಲ ಮುಟ್ಟೋ ಜಾಗಕ್ಕೂ ಟೈರಿನ ನಡುವಿಗೂ ಇರೋ ದೂರ ಕಿಂಗ್‌ಪಿನ್ ಆಫ್‌ಸೆಟ್. ನಿಂತ ಕಾರಿಗೆ ಲೆಕ್ಕ ಹೀಗೆ: ಟೈರಿನ ಅಗಲದ ವರ್ಗವನ್ನು 8ರಿಂದ ಭಾಗಿಸಿ, ಕಿಂಗ್‌ಪಿನ್ ಆಫ್‌ಸೆಟ್ಟಿನ ವರ್ಗ ಕೂಡಿಸಿ, ವರ್ಗಮೂಲ ತೆಗೆಯಬೇಕು. ಅದನ್ನು ಮುಂದಿನ ಚಕ್ರಗಳ ಮೇಲಿನ ಭಾರಕ್ಕೂ ಘರ್ಷಣಾಂಕಕ್ಕೂ ಗುಣಿಸಬೇಕು. ಭಾರ 3900 ನ್ಯೂಟನ್, ಘರ್ಷಣಾಂಕ 0.7, ಟೈರ್ 145 ಮಿ.ಮೀ., ಆಫ್‌ಸೆಟ್ 20 ಮಿ.ಮೀ. ಹಿಡಿದರೆ ಸುಮಾರು 150 ನ್ಯೂಟನ್-ಮೀಟರ್. ಸ್ಟೇರಿಂಗ್ ಅನುಪಾತ 17 (ಚಕ್ರ ಒಂದು ಡಿಗ್ರಿ ಹೊರಳಲು ಸ್ಟೇರಿಂಗ್ 17 ಡಿಗ್ರಿ ತಿರುಗಬೇಕು), ಸ್ಟೇರಿಂಗ್ ತ್ರಿಜ್ಯ 18 ಸೆಂ.ಮೀ. ಆದರೆ, ಎರಡರಿಂದಲೂ ಭಾಗಿಸಿದಾಗ ಕೈಗೆ ಬರೋದು 49 ನ್ಯೂಟನ್, ಅಂದರೆ ಐದು ಕಿಲೋ. ತಕ್ಕಡಿಯ ಏಳಕ್ಕೂ ಇದಕ್ಕೂ ಇರೋ ವ್ಯತ್ಯಾಸದಲ್ಲಿ ಸ್ಟೇರಿಂಗಿನ ಗೇರು, ಕೀಲುಗಳ ತಿಕ್ಕಾಟದ ಪಾಲೂ ಇದೆ.

ಆ 150ಕ್ಕೆ ‘ತಿರುಗುಬಲ’ ಅನ್ನಲು ನನಗೆ ಮನಸ್ಸಿಲ್ಲ. ಒದ್ದೆ ಬಟ್ಟೆ ಹಿಂಡುವಾಗ ಒಂದು ತುದಿ ಹಿಡಿದು ಇನ್ನೊಂದನ್ನು ತಿರುಚುತ್ತೇವಲ್ವಾ? ನಿಂತ ಟೈರಿನ ಕಥೆಯೂ ಅದೇ. ಕೆಳಗೆ ರಸ್ತೆ ಹಿಡಿದುಕೊಂಡಿರುತ್ತದೆ, ಮೇಲಿಂದ ನಾವು ತಿರುವುತ್ತೇವೆ. ಹಾಗಾಗಿ ‘ತಿರುಚುಬಲ’. ಆದರೆ ಎಂಜಿನ್ನಿನ ಟಾರ್ಕಿಗೂ ಇದೇ ಪದ ಒಗ್ಗುತ್ತದಾ?

ಕಿಂಗ್‌ಪಿನ್ನಿಗೆ ಯಾರೋ ‘ಕಡೆಗೀಲು’ ಎಂದರು. ಒಪ್ಪಲಾರೆ. ಬಂಡಿಯ ಕಡೆಗೀಲು ಗಾಲಿ ಅಚ್ಚಿನಿಂದ ಕಳಚದ ಹಾಗೆ ತಡೆಯುತ್ತದೆ, ಗಾಲಿ ಎಡಕ್ಕೆ ಬಲಕ್ಕೆ ಹೊರಳೋದು ಅದರ ಸುತ್ತ ಅಲ್ಲ. ಸದ್ಯಕ್ಕೆ ಕಿಂಗ್‌ಪಿನ್ ಅಂತಲೇ ಬಿಟ್ಟಿದ್ದೇನೆ.

ನಿಮ್ಮ ಕಡೆ ಲಾರಿ, ಟ್ರ್ಯಾಕ್ಟರ್ ಓಡಿಸೋರು ‘ಕೈಗೆ ಭಾರ’ ಅಂತಾರಾ, ಬೇರೆ ಏನಾದರೂ ಅಂತಾರಾ?