ಹಚ್ಚಿದರೆ ಮಾಯ, ಬಿಟ್ಟರೆ ಮತ್ತೆ ಹಾಜರ್: ಇದು ಹುಳುಕಡ್ಡಿನಾ?

ನಿದ್ದೆಗೇಡಿ:
ಮೂರು ತಿಂಗಳಿಂದ ಸೊಂಟದಲ್ಲಿ, ಬೆಲ್ಟ್ ಕಟ್ಟುವ ಜಾಗದಲ್ಲಿ ನವೆ. ಮೊದಲು ನಾಣ್ಯದಷ್ಟು ಗುಂಡಗಿತ್ತು, ಅಂಚು ಕೆಂಪಗೆ ಉಬ್ಬಿ ನಡುವೆ ತಿಳಿಯಾಗಿತ್ತು. ಅಣ್ಣನಿಗೆ ಯಾವುದೋ ಅಲರ್ಜಿಗೆ ಬರೆದುಕೊಟ್ಟಿದ್ದ ಮುಲಾಮು ಡ್ರಾಯರ್‌ನಲ್ಲಿ ಬಿದ್ದಿತ್ತು, ಹಚ್ಚಿದೆ. ಎರಡೇ ದಿನಕ್ಕೆ ನವೆ ನಿಂತಿತು. ಬಿಟ್ಟೆ. ವಾರದೊಳಗೆ ವಾಪಸ್! ಹೀಗೇ ನಾಲ್ಕು ಸಲ. ಈಗ ಅಂಗೈ ಅಗಲ ಆಗಿದೆ, ತೊಡೆಸಂದಿಗೂ ಇಳಿದಿದೆ, ಆ ಉಂಗುರದ ಆಕಾರವೇ ಕಾಣುತ್ತಿಲ್ಲ. ರಾತ್ರಿಯೆಲ್ಲ ಕೆರೆತ. ಜಾಗ ಅಂಥದ್ದು, ತೋರಿಸಲು ನಾಚಿಕೆ. ಬೇರೆ ಟ್ಯೂಬ್ ಹಚ್ಚಿದರೆ ಸಾಕಾ, ಇಲ್ಲ ಡಾಕ್ಟರ ಹತ್ತಿರ ಹೋಗಲೇಬೇಕಾ?

ಹಳೇಗಿರಾಕಿ:
ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಏನಿದೆ ನೋಡಿ ಹೇಳಿ.

ನಿದ್ದೆಗೇಡಿ:
ಕ್ಲೋಬೆಟಸಾಲ್ 0.05% ಅಂತಿದೆ.

ಹಳೇಗಿರಾಕಿ:
ಅಲ್ಲಿಗೆ ಕಥೆ ಗೊತ್ತಾಯ್ತು. ಅದು ಜೋರು ಸ್ಟೀರಾಯ್ಡ್. ನಾನೂ ಇದೇ ದಾರಿಯಲ್ಲಿ ಎಂಟು ತಿಂಗಳು ನಡೆದವನು. ಹುಳುಕಡ್ಡಿ ಅಂದರೆ ಚರ್ಮಕ್ಕೆ ಹತ್ತುವ ಫಂಗಸ್, ಸ್ಟೀರಾಯ್ಡ್ ಅದನ್ನು ಕೊಲ್ಲುವುದಿಲ್ಲ. ಕೆಂಪು, ನವೆ ಎಲ್ಲ ನಮ್ಮ ಮೈ ಅದರ ಜೊತೆ ಜಗಳಕ್ಕೆ ನಿಂತ ಗುರುತು. ಮುಲಾಮು ಆ ಜಗಳವನ್ನೇ ಅಡಗಿಸುತ್ತದೆ. ಕಾವಲಿನವನನ್ನು ಮಲಗಿಸಿ ಕಳ್ಳನಿಗೆ ಬಾಗಿಲು ತೆಗೆದ ಹಾಗೆ. ಉಂಗುರ ಅಳಿಸಿದ್ದೂ ಅದಕ್ಕೇ.

ಡಾಕ್ಟರು ನನ್ನ ಕಲೆಯ ಅಂಚನ್ನು ಬ್ಲೇಡಿನಿಂದ ಹಗುರಾಗಿ ಕೆರೆದು, ಉದುರಿದ ಹೊಟ್ಟನ್ನು ಗಾಜಿನ ಮೇಲೆ ಹಾಕಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರು. ನನಗೂ ತೋರಿಸಿದರು: ನೂಲೆಳೆಯಂಥವು, ಅಲ್ಲಲ್ಲಿ ಕವಲೊಡೆದು. ಅದೇ ಫಂಗಸ್. ಹಚ್ಚುವ ಔಷಧಿ, ಜೊತೆಗೆ ಮಾತ್ರೆ ಕೊಟ್ಟರು. ಕಲೆಯ ಸುತ್ತ 2 ಸೆಂ.ಮೀ. ಆಚೆಗೂ ಹಚ್ಚಬೇಕು, ಚರ್ಮ ತಿಳಿಯಾದ ಮೇಲೂ ಹೇಳಿದಷ್ಟು ದಿನ ಬಿಡಬಾರದು ಅಂದಿದ್ದರು. ಹೋಯ್ತಲ್ಲ ಅಂತ ನಾನು ಹತ್ತನೇ ದಿನಕ್ಕೇ ಬಿಟ್ಟೆ. ಮತ್ತೆ ಹೋಗಿ ಬೈಸಿಕೊಂಡೆ. ಮನೆಯಲ್ಲಿ ಇನ್ಯಾರಿಗೆ ನವೆ, ಟವೆಲ್ ಯಾರ‍್ಯಾರದು ಒಂದೇ ಅಂತಲೂ ಆಗಲೇ ಕೇಳಿದ್ದು.

ಫಂಗಸ್ ಹೋಗಿ ವರ್ಷವಾಯ್ತು. ತೊಡೆಸಂದಿನಲ್ಲಿ ಸ್ಟೀರಾಯ್ಡ್ ಎಳೆದ ಗೀರುಗಳು ಮಾತ್ರ ಹಾಗೇ ಇವೆ, ಬಸುರಿನಲ್ಲಿ ಹೊಟ್ಟೆ ಮೇಲೆ ಬೀಳುತ್ತಲ್ಲ, ಅಂಥವು.

ನಾಚಿಕೆ ವಿಷಯ: ನಾನು ಒದ್ದಾಡುತ್ತಾ ಪ್ಯಾಂಟ್ ಸಡಿಲಿಸಿದರೆ ಅವರು ಟಾರ್ಚ್ ಹಿಡಿದು ಕಲೆ ನೋಡಿದರು. ನನ್ನ ಮುಖವನ್ನಂತೂ ಸರಿಯಾಗಿ ನೋಡಲೇ ಇಲ್ಲ. ಟ್ಯೂಬ್ ತೆಗೆದುಕೊಂಡೇ ಹೋಗಿ.

ಸುಮ್ನೆಓದುಗ:
ಹಾಗಾದರೆ ಒಂದೊಂದು ಗುಳ್ಳೆಗೂ ಓಡಬೇಕಾ?

ಬಿಳಿಕೋಟು:
ಬೇಡ. ನಾನು ಚರ್ಮದ ವಾರ್ಡಿನಲ್ಲಿ ನರ್ಸ್. ನಾಲ್ಕು ಮೊಡವೆ, ಬೆವರುಸಾಲೆ, ಒಣಚರ್ಮ ಮನೆಯಲ್ಲೇ ಕಾಯಬಹುದು. ಮೊಡವೆ ಕಲೆ, ಗುಂಡಿ ಬಿಡುತ್ತಿದ್ದರೆ ಮಾತ್ರ ತಡಮಾಡಬೇಡಿ. ಮಚ್ಚೆ ಬಣ್ಣ, ಅಂಚು ಬದಲಿಸಿ ಬೆಳೆಯುತ್ತಿದ್ದರೆ, ಹುಣ್ಣು ತಿಂಗಳಾದರೂ ಮಾಯದಿದ್ದರೆ ಹೋಗಿ. ಮಾಸಿದ ಕಲೆಯ ಮೇಲೆ ಹತ್ತಿ ಎಳೆ ಆಡಿಸಿದರೂ ಗೊತ್ತಾಗದಿದ್ದರೆ ಕುಷ್ಠ ಇದೆಯೇ ಎಂದು ನೋಡಿಸಲೇಬೇಕು, ಬೇಗ ಹಿಡಿದರೆ ಪೂರ್ತಿ ವಾಸಿ. ಮೈಯ ಒಂದೇ ಪಕ್ಕದಲ್ಲಿ ಉರಿಯುವ ನೀರುಗುಳ್ಳೆ ಸಾಲಾಗಿ ಎದ್ದರೆ ಸರ್ಪಸುತ್ತು. 72 ಗಂಟೆಯೊಳಗೆ ಔಷಧಿ ಶುರುವಾದರೆ ಒಳ್ಳೆಯದು. ಹೊಸ ಮಾತ್ರೆ ನುಂಗಿದ ಮೇಲೆ ಮೈಯೆಲ್ಲ ಕೆಂಪಾಗಿ ಬಾಯಿ, ಕಣ್ಣು ಹುಣ್ಣಾದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ನೇರ ಎಮರ್ಜೆನ್ಸಿಗೆ.

ಅಂದಹಾಗೆ ಕ್ಲೋಬೆಟಸಾಲ್ ಕೆಟ್ಟ ಮದ್ದಲ್ಲ. ಡಾಕ್ಟರು ಅಳೆದು ಕೊಟ್ಟರೆ ಇಸುಬಿಗೆ ಅದೇ ಬೇಕಾಗುತ್ತದೆ. ಇಲ್ಲಿ ರೋಗ ಬೇರೆ, ಅಷ್ಟೆ.

ನಿದ್ದೆಗೇಡಿ:
ನಾಳೆ ಬೆಳಗ್ಗೆ ಹೋಗ್ತಿದ್ದೇನೆ, ಟ್ಯೂಬ್ ಜೇಬಿನಲ್ಲಿದೆ. ಅಣ್ಣ ಈಗ ಬಾಯಿಬಿಟ್ಟ, ಅವನ ಕಾಲ್ಬೆರಳ ಸಂದಿಯಲ್ಲೂ ಆರು ತಿಂಗಳಿಂದ ನವೆಯಂತೆ. ಇಬ್ಬರೂ ಒಟ್ಟಿಗೇ ಹೊರಟಿದ್ದೇವೆ.